ಕೆಟ್ಟ ಸುದ್ದಿಗೆ ನಮ್ಮದೇ ಕಾಲು

ಹೋದ ತಿಂಗಳು ನಮ್ಮ ಕಚೇರಿಯ ಯಜಮಾನರು ತೀರಿಕೊಂಡಾಗ ಪತ್ರಿಕೆಗಳಿಗೆ ನಾಲ್ಕು ಸಾಲು ಬರೆದು ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಮದರಾಸಿಗೆ ಬಂದ ಮೇಲೆ ಇನ್ನೊಬ್ಬರನ್ನು ಹೊಗಳಿ ಬರೆದೇ ಸಂಸಾರ ಸಾಕಿದವನು ನಾನು. ಸಾಬೂನು, ಸೀಲಿಂಗ್ ಫ್ಯಾನು, ತಲೆಗೆ ಹಚ್ಚುವ ಎಣ್ಣೆ, ಒಂದೇ ವಾರ ಓಡಿದ ಸಿನಿಮಾ, ಯಾವುದರ ಬಗ್ಗೆ ಬೇಕಾದರೂ ಅರ್ಧ ಗಂಟೆಯಲ್ಲಿ ಒಂದು ಪುಟ ಬರೆದುಕೊಡಬಲ್ಲೆ. ಆ ದಿನ ಮಾತ್ರ ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತರೂ ನಾಲ್ಕನೇ ಸಾಲು ಬರಲಿಲ್ಲ. ಮೂರನೆಯದೂ ಅಷ್ಟಕ್ಕಷ್ಟೇ.

ಫೋಟೋದ ಬ್ಲಾಕ್ ಇದ್ದರೆ ಕಳಿಸಿ ಎಂದರು ಪತ್ರಿಕೆಯವರು. ಬ್ಲಾಕ್ ಎಂದರೆ ಸತುವಿನ ತಗಡಿನಲ್ಲಿ ಮುಖ ಕೊರೆದು ಮರದ ತುಂಡಿಗೆ ಮೊಳೆ ಹೊಡೆದದ್ದು. ಅದಿಲ್ಲದೆ ಪತ್ರಿಕೆಯಲ್ಲಿ ಚಿತ್ರ ಬರುವುದಿಲ್ಲ. ನಮ್ಮ ಕಚೇರಿಯ ಬೀರುವಿನಲ್ಲಿ ಅಂಥ ಮುಖಗಳು ಒಂದು ಸಣ್ಣ ಊರಿಗಾಗುವಷ್ಟಿವೆ. ಅವರದು ಮಾತ್ರ ಇಲ್ಲ. ಇಷ್ಟು ವರ್ಷ ಬೇರೆಯವರ ಮುಖ ಅಚ್ಚು ಹಾಕಿಸಿದವರಿಗೆ ತಮ್ಮದೊಂದನ್ನು ಮಾಡಿಸಿಡುವ ಬುದ್ಧಿ ಬರಲಿಲ್ಲವೋ, ಬುದ್ಧಿ ಇದ್ದದ್ದರಿಂದಲೇ ಮಾಡಿಸಲಿಲ್ಲವೋ, ಹೇಳಲಾರೆ. ಸುದ್ದಿ ಚಿತ್ರವಿಲ್ಲದೆ ಎರಡೇ ಸಾಲಾಗಿ ಬಂತು. ಬರೆದವನು ನಾನೇ ಆದ್ದರಿಂದ ಯಾರನ್ನೂ ಬಯ್ಯುವಂತಿರಲಿಲ್ಲ.

ಬಳ್ಳಾರಿಯ ಶೈವ ಮನೆತನದವರು. ಬಳ್ಳಾರಿ ಆಗ ಮದರಾಸು ಪ್ರಾಂತ್ಯದಲ್ಲೇ ಇದ್ದುದರಿಂದ ಓದಲು ಇಲ್ಲಿಗೆ ಬಂದು ಇಲ್ಲೇ ನಿಂತುಬಿಟ್ಟರು. ಮುಂದೆ ಬಳ್ಳಾರಿ ಮೈಸೂರಿಗೆ ಸೇರಿತು. "ನಾನೆಲ್ಲಿ ಊರು ಬಿಟ್ಟೆನಪ್ಪಾ? ಊರೇ ನನ್ನ ಬಿಟ್ಟು ಹೋಯ್ತು" ಎಂದು ನಗುತ್ತಿದ್ದರು. ನಾನು ಮೈಸೂರಿನವನು. ಕೆಲಸಕ್ಕೆ ಸೇರಿದ ದಿನದಿಂದ ನನ್ನನ್ನು "ಸಂಸ್ಥಾನದವರು" ಎಂದು ಕರೆದರು. ತಪ್ಪು ಮಾಡಿದ ದಿನ "ಮಹಾರಾಜರು." ತಿಂಗಳಿಗೆ ಹತ್ತು ದಿನವಾದರೂ ನಾನು ಮಹಾರಾಜನಾಗಿರುತ್ತಿದ್ದೆ.

ಮದರಾಸಿನ ಸೆಕೆಯಲ್ಲೂ ಕುತ್ತಿಗೆವರೆಗೆ ಗುಂಡಿ ಹಾಕಿದ ಕೋಟು, ಕಚ್ಚೆ ಪಂಚೆ, ಹಣೆಗೆ ಮೂರು ಬೆರಳಿನ ವಿಭೂತಿ, ಕೈಯಲ್ಲಿ ಬಿಸಿಲಿಗೊಂದು ಕೊಡೆ. ಮೌಂಟ್ ರೋಡಿನಲ್ಲಿ ಕನ್ನಡಕದ ಅಂಗಡಿಯ ಮಹಡಿಯ ಮೇಲೆ ಎರಡು ಕೋಣೆಯ ಕಚೇರಿ. ಅವರು, ನಾನು, ಒಬ್ಬ ಟೈಪಿಸ್ಟು. ಬಹಳ ಕಾಲ ಬೋರ್ಡಿನ ಮೇಲೆ 'ಪ್ರಚಾರ' ಎಂದಷ್ಟೇ ಇತ್ತು. ಎಲ್ಲ ಕಡೆ ಹೊಸ ಹೆಸರು ಬಂದ ಮೇಲೆ ನಾವೂ 'ಪಬ್ಲಿಕ್ ರಿಲೇಷನ್ಸ್' ಎಂದು ಬರೆಸಿದೆವು. ಹಾಗೆಂದರೇನು ಎಂದು ಕೆಳಗಿನ ಕನ್ನಡಕದಂಗಡಿಯವನು ಕೇಳಿದಾಗ ಇವರು, "ಬೀಗತನ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ತಮಾಷೆ ಅಲ್ಲ. ಗಿರಾಕಿ ಅಂದ್ರೆ ಬೀಗರಿದ್ದಂಗೆ. ಮನೀಗೆ ಹೋದಾಗ ಕಾಲು ಚಾಚಿ ಕೂಡಬಾರ್ದು. ಅವರ ಮನೀ ಮಾತು ಹೊರಗೆ ಆಡಬಾರ್ದು. ಅವರು ಸಿಟ್ಟಾದ್ರೆ ನಾವೂ ಸಿಟ್ಟಾಗೋ ಹಕ್ಕಿಲ್ಲ, ಹಂಗಂತ ಕಾಲಿಗೂ ಬೀಳಬಾರ್ದು" ಎಂದರು.

ಹೊಸ ಗಿರಾಕಿಯ ಜೊತೆ ಅವರು ಆಡುವ ಮೊದಲ ಮಾತು 'ಆಗಲ್ಲ.' ಕೋಡಂಬಾಕ್ಕಂನ ಸ್ಟುಡಿಯೋದಲ್ಲಿ ಕನ್ನಡ ಚಿತ್ರ ತೆಗೆಯಲು ಬಂದಿದ್ದ ಒಬ್ಬ ನಿರ್ಮಾಪಕರು, ಬಿಡುಗಡೆಗೆ ಮುಂಚೆ ಎಲ್ಲ ಪತ್ರಿಕೆಗಳಲ್ಲೂ ಅರ್ಧ ಪುಟ ಬರಬೇಕು ಎಂದರು.

"ಆಗಲ್ಲ" ಎಂದರು ಇವರು.

"ಏನ್ರೀ ಹೀಗಂತೀರಿ? ಇನ್ನೊಬ್ಬರು ಆಗುತ್ತೆ ಅಂದಿದ್ದಾರೆ."

"ಹಂಗಾದ್ರೆ ಅವರ ಹತ್ರ ಹೋಗ್ರಿ. ಆಗದೇ ಹೋದ್ರೆ ಬರ್ರಿ, ಇಲ್ಲೇ ಇರ್ತೀನಿ."

ನಿರ್ಮಾಪಕರು ಹೋದರು. ಎರಡು ವಾರಕ್ಕೆ ವಾಪಸು ಬಂದರು. ಅಷ್ಟರಲ್ಲಿ ನಾನು ಊರಿಗೆ ಹೋಗಿ ಮಾವನವರ ಕಿರಾಣಿ ಅಂಗಡಿಯಲ್ಲಿ ಕೂರುವ ಏರ್ಪಾಡನ್ನು ಮನಸ್ಸಿನಲ್ಲೇ ಮಾಡಿ ಮುಗಿಸಿದ್ದೆ. ಮದುವೆ ಇನ್ನೂ ಆಗಿರಲಿಲ್ಲ. ಮಾವನವರು ಯಾರೆಂದೂ ಗೊತ್ತಿರಲಿಲ್ಲ. ಚಿಂತೆ ಮಾಡುವುದರಲ್ಲಿ ನಾನು ಅಷ್ಟು ಮುಂದಾಲೋಚನೆಯವನು.

ಅದೇ ನಿರ್ಮಾಪಕರ ಶೂಟಿಂಗ್ ನೋಡಲು ಪತ್ರಿಕೆಯವರನ್ನು ಕರೆದೊಯ್ದ ದಿನ ಮಧ್ಯಾಹ್ನವಾದರೂ ನಾಯಕನಟ ಬರಲಿಲ್ಲ. ಕಾರು ಕೆಟ್ಟಿದೆ, ಜ್ವರ ಬಂದಿದೆ, ಏನಾದರೂ ಹೇಳಿಬಿಡಿ ಎಂದು ನಿರ್ಮಾಪಕರು ಬೆವರುತ್ತಿದ್ದರು. ಇವರು ಪತ್ರಿಕೆಯವರ ಮಧ್ಯೆ ಹೋಗಿ, "ಹೀರೋ ಬಂದಿಲ್ಲ, ಯಾಕ ಬಂದಿಲ್ಲ ನಮಗೂ ತಿಳೀದು. ಆದ್ರೆ ಈ ಅರಮನೆ ಕಟ್ಟಿದ ಬಡಗಿ ಬೆಳಿಗ್ಗೆ ಆರಕ್ಕೇ ಬಂದಾನೆ, ಮಾತಾಡ್ಸ್ರಿ" ಎಂದರು. ಬಡಗಿ ಒಳ್ಳೆ ಮಾತುಗಾರ. ಗೋಣಿತಟ್ಟಿಗೆ ಸುಣ್ಣ ಬಳಿದು ಅಮೃತಶಿಲೆ ಮಾಡುವುದು ಹೇಗೆಂದು ತೋರಿಸಿದ. ಮರುದಿನ ಎರಡು ಪತ್ರಿಕೆಗಳಲ್ಲಿ ಬಡಗಿಯ ಕಥೆ ಬಂತು, ಚಿತ್ರದ ಹೆಸರೂ ಜೊತೆಗೆ ಬಂತು. ನಿರ್ಮಾಪಕರು ಆಮೇಲೆ ತಮ್ಮ ಮುಂದಿನ ಮೂರು ಚಿತ್ರಗಳಿಗೂ ಇವರನ್ನು ಬಿಡಲಿಲ್ಲ. ಪ್ರತಿ ಸಲವೂ ಇವರು ಮೊದಲು ಆಗಲ್ಲ ಎಂದೇ ಶುರುಮಾಡುತ್ತಿದ್ದರು.

ಅವರ ಮೇಜಿನ ಖಾನೆಯಲ್ಲಿ ಒಂದು ನೋಟುಪುಸ್ತಕವಿತ್ತು. ಗಿರಾಕಿಗೆ ಒಂದು ಹಾಳೆ. ನಾನು ಕದ್ದು ನೋಡಿದ್ದೇನೆ. 'ಎಡಗಿವಿ ಮಂದ, ಬಲಗಡೆ ಕೂಡುವುದು, ಇದನ್ನು ಆಡಿ ತೋರಿಸುವುದಲ್ಲ.' 'ತಂದೆಯ ಮಾತು ಎತ್ತಬಾರದು.' 'ಮೆಟ್ಟಿಲು ಹತ್ತಲಾರರು, ನಾವೇ ಇಳಿದು ಹೋಗುವುದು.' ಯಾರ ಬಗ್ಗೆಯೂ ಅವರೆಷ್ಟು ದೊಡ್ಡವರು, ಎಷ್ಟು ಬೇಕಾದವರು ಎಂದು ಒಂದಕ್ಷರವಿಲ್ಲ. ಕುತೂಹಲ ತಡೆಯದೆ ನನ್ನ ಹೆಸರೂ ಇದೆಯೇ ಎಂದು ಹುಡುಕಿದೆ. ಇತ್ತು. 'ಬೆಳಿಗ್ಗೆ ಬಯ್ಯಬಾರದು, ಸಂಜೆವರೆಗೂ ಕೆಡುತ್ತಾನೆ.'

ಎಲ್ಲಕ್ಕಿಂತ ಗಟ್ಟಿಯಾದ ನಿಯಮವೊಂದಿತ್ತು. ಒಳ್ಳೆಯ ಸುದ್ದಿಯನ್ನು ಅವರು ಕಾರ್ಡಿನಲ್ಲಿ ಬರೆದು ಅಂಚೆಗೆ ಹಾಕಿಸುತ್ತಿದ್ದರು. ಪತ್ರಿಕೆಯಲ್ಲಿ ನಿಮ್ಮ ಲೇಖನ ಬರುತ್ತದೆ, ಮಂತ್ರಿಗಳು ಉದ್ಘಾಟನೆಗೆ ಒಪ್ಪಿದ್ದಾರೆ, ಇಂಥವು. ಕೆಟ್ಟ ಸುದ್ದಿಗೆ ಮಾತ್ರ ಕೊಡೆ ಹಿಡಿದು ತಾವೇ ಹೊರಡುತ್ತಿದ್ದರು. ಮೇಜಿನ ಮೇಲೆ ಟೆಲಿಫೋನು ಇದ್ದರೂ ಮುಟ್ಟುತ್ತಿರಲಿಲ್ಲ.

"ಒಳ್ಳೇದಕ್ಕೆ ಅಂಚೆ ಐತೆ. ಕೆಟ್ಟದ್ದಕ್ಕೆ ನಮ್ಮದೇ ಕಾಲು ಬೇಕು" ಎನ್ನುತ್ತಿದ್ದರು. "ಅದು ಇನ್ನೊಬ್ರ ಬಾಯಿಂದ ಮೊದಲು ಹೋತು ಅಂದ್ರೆ, ಆಮೇಲೆ ನಾವು ಹೇಳೋದೆಲ್ಲಾ ಸಬೂಬು."

ನನಗೆ ಇದು ಹುಚ್ಚೆನಿಸುತ್ತಿತ್ತು. ನನ್ನ ಸ್ವಭಾವಕ್ಕೆ ಟೆಲಿಫೋನೇ ಹಿತ. ಬಯ್ಯುವವರ ಮುಖ ಕಾಣುವುದಿಲ್ಲ. ಲೈನು ಸರಿಯಿಲ್ಲ ಎಂದು ಇಟ್ಟೂಬಿಡಬಹುದು.

ನಮ್ಮ ಗಿರಾಕಿಗಳಲ್ಲಿ ದೊಡ್ಡವರು ತಿರುವಲ್ಲಿಕೇಣಿಯ ಹೋಟೆಲಿನ ರಾಯರು. ದಕ್ಷಿಣ ಕನ್ನಡದಿಂದ ಬಂದು ಅಡಿಗೆಮನೆಯಿಂದ ಗಲ್ಲಾದವರೆಗೆ ಏರಿದವರು. ಅವರ ಊರಿನ ಪಕ್ಕದ ಊರಿನವರೇ ಮೈಲಾಪುರದಲ್ಲಿ ಹೋಟೆಲಿಟ್ಟಿದ್ದ ಭಟ್ಟರು. ಒಂದು ಕಾಲದಲ್ಲಿ ಇಬ್ಬರೂ ನಮ್ಮ ಗಿರಾಕಿಗಳು, ಇಬ್ಬರೂ ಜೀವದ ಗೆಳೆಯರು. ರಾಯರಲ್ಲಿ ಸಾಂಬಾರು ಮಾಡುತ್ತಿದ್ದವನೊಬ್ಬ ಭಟ್ಟರ ಹೋಟೆಲಿಗೆ ಹೋಗಿ ಸೇರಿಕೊಂಡ. ಅಲ್ಲಿಗೆ ಮಾತು ನಿಂತಿತು. ಭಟ್ಟರು ನಮ್ಮ ಕಚೇರಿಗೆ ಬಂದು, "ಆ ರಾಯನ ಕೆಲಸ ಬಿಡಿ, ಇಲ್ಲದಿದ್ರೆ ನನ್ನದು ಬಿಡಿ" ಎಂದರು. ಇವರು "ಆಗಲ್ಲ" ಎಂದರು. ಭಟ್ಟರು ಎದ್ದು ಹೋದರು. ಇವರು ತಡೆಯಲೂ ಇಲ್ಲ, ಮರೆಯಲೂ ಇಲ್ಲ. ಭಟ್ಟರ ಹೋಟೆಲಿನ ಬಗ್ಗೆ ಎಲ್ಲಿ ಎರಡು ಸಾಲು ಬಂದರೂ ಕತ್ತರಿಸಿ, ಒಂದು ನಮಸ್ಕಾರದ ಜೊತೆ ಅಂಚೆಯಲ್ಲಿ ಕಳಿಸುತ್ತಲೇ ಇದ್ದರು. ಉತ್ತರ ಬರುತ್ತಿರಲಿಲ್ಲ. ಭಟ್ಟರ ಮುಖದ ಬ್ಲಾಕು ನಮ್ಮ ಬೀರುವಿನಲ್ಲೇ ಉಳಿಯಿತು.

ಇನ್ನು ನನ್ನ ಘನಕಾರ್ಯ. ರಾಯರ ಹೋಟೆಲಿಗೆ ಇಪ್ಪತ್ತೈದು ವರ್ಷ ತುಂಬಿತು. ಇಂಗ್ಲಿಷ್ ಪತ್ರಿಕೆಯಲ್ಲಿ ದೊಡ್ಡ ಜಾಹೀರಾತು, ನಡುವೆ ರಾಯರ ಚಿತ್ರ. ಅಷ್ಟರಲ್ಲಿ ನನಗೆ ಮದುವೆಯಾಗಿ ಎಂಟು ತಿಂಗಳು. ರಾಯರ ಕೆಲಸ ಕೈಬಿಟ್ಟರೆ ಕಚೇರಿಯಲ್ಲಿ ಒಂದು ಕುರ್ಚಿ ಹೆಚ್ಚಾಗುತ್ತದೆ, ಅದು ನನ್ನದು ಎಂಬುದು ಯಾರೂ ಹೇಳದೆಯೇ ನನಗೆ ಗೊತ್ತಿತ್ತು. ಆದ್ದರಿಂದ ಎಂದಿಗಿಂತ ಹೆಚ್ಚು ಎಚ್ಚರಿಕೆಯಿಂದಿದ್ದೆ. ರಾಯರ ಬ್ಲಾಕನ್ನು ಕಂದು ಕಾಗದದಲ್ಲಿ ಕಟ್ಟಿದೆ. ಅವರದೇ ಹೌದೋ ಅಲ್ಲವೋ ಎಂದು ಬಿಚ್ಚಿ ನೋಡಿದೆ. ಮತ್ತೆ ಕಟ್ಟಿದೆ. ಬ್ಲಾಕಿನಲ್ಲಿ ಮುಖ ಎಡಬಲ ತಿರುಗಿರುತ್ತದೆ. ಎಲ್ಲರೂ ಎಲ್ಲರ ಹಾಗೆ ಕಾಣುತ್ತಾರೆ. ಯಾವುದಕ್ಕೂ ಇರಲಿ ಎಂದು ಭಟ್ಟರ ಬ್ಲಾಕನ್ನೂ ಹೊರತೆಗೆದು ಪಕ್ಕದಲ್ಲಿಟ್ಟು ಹೋಲಿಸಿದೆ. ಗೆಳೆತನದ ಕಾಲದಲ್ಲಿ ಇಬ್ಬರೂ ಒಂದೇ ಸ್ಟುಡಿಯೋಕ್ಕೆ ಹೋಗಿ, ಒಂದೇ ಕುರ್ಚಿಯಲ್ಲಿ, ಒಂದೇ ಅಂಚಿನ ಶಾಲು ಹೊದ್ದು ತೆಗೆಸಿಕೊಂಡದ್ದು. ನೋಡಿ ನೋಡಿ, ಸಮಾಧಾನವಾದ ಮೇಲೆ, ತಪ್ಪಾದದ್ದನ್ನು ಕಟ್ಟಿ ಕಳಿಸಿದೆ.

ಬೆಳಿಗ್ಗೆ ಆರಕ್ಕೆ ಪತ್ರಿಕೆ ಬಿಡಿಸಿದರೆ, ರಾಯರ ಹೋಟೆಲಿನ ಹೆಸರಿನ ಕೆಳಗೆ ಭಟ್ಟರು ನಗುತ್ತಾ ಕೂತಿದ್ದಾರೆ.

ಹೆಂಡತಿ ಕಾಫಿ ತಂದವಳು ಬಗ್ಗಿ ನೋಡಿ, "ಯಾರೀ ಇವರು? ಲಕ್ಷಣವಾಗಿದ್ದಾರೆ" ಎಂದಳು.

"ನಮ್ಮ ಅನ್ನ ಕಳೆದವರು" ಎಂದು ಚಪ್ಪಲಿ ಮೆಟ್ಟಿ ಓಡಿದೆ.

ಯಜಮಾನರ ಮನೆ ರಾಯಪೇಟೆಯಲ್ಲಿ. ಹೋದಾಗ ಪೂಜೆ ಮುಗಿಸಿ ಕೋಟಿನ ಗುಂಡಿ ಹಾಕುತ್ತಿದ್ದರು. ಪತ್ರಿಕೆ ಮಂಚದ ಮೇಲೆ ಬಿಡಿಸಿಯೇ ಇತ್ತು.

"ಬರ್ರಿ ಮಹಾರಾಜರೇ. ಬ್ಲಾಕ್ ಕಟ್ಟಿದ್ದು ಯಾರು?"

"ನಾನೇ ಸಾರ್. ಆದರೆ... ಭಟ್ಟರ ಹಳೇ ಬ್ಲಾಕ್ ಒಂದು ಪ್ರೆಸ್ಸಿನಲ್ಲೇ ಉಳಿದಿತ್ತು, ಅಲ್ಲಿ ಅಚ್ಚುಮೊಳೆ ಜೋಡಿಸುವ ಕಂಪೋಸಿಟರು ಅದಲು ಬದಲು ಮಾಡಿಬಿಟ್ಟ ಅಂತ ಹೇಳಿದರೆ, ಯಾರು ಹೋಗಿ ವಿಚಾರಿಸುತ್ತಾರೆ?"

ಅವರು ಕೊಡೆ ತೆಗೆದುಕೊಂಡು, "ರಾಯರ ಹತ್ರ ನೀನೇ ಮಾತಾಡು. ನಾನು ಪಕ್ಕದಾಗಿರ್ತೀನಿ. ಏನು ಹೇಳ್ತೀಯೋ ನಿನಗೆ ಬಿಟ್ಟಿದ್ದು" ಎಂದರು. ದಾರಿಯುದ್ದಕ್ಕೂ ನಾನು ಕಂಪೋಸಿಟರ ವಾಕ್ಯವನ್ನು ಒಳಗೊಳಗೇ ತಿದ್ದಿ ತೀಡಿ ನಾಲ್ಕು ಸಾಲು ಮಾಡಿದೆ. ಒಳ್ಳೆಯ ವಾಕ್ಯ. ಎಲ್ಲೂ ಸುಳ್ಳೆನಿಸುತ್ತಿರಲಿಲ್ಲ.

ಬೆಳಗಿನ ಹೊತ್ತು ತಿರುವಲ್ಲಿಕೇಣಿಯ ಹೋಟೆಲೆಂದರೆ ಕಾಫಿಯಷ್ಟೇ ಮುಖ್ಯ ಪತ್ರಿಕೆ. ಪ್ರತಿ ಮೇಜಿನಲ್ಲೂ ಅದೇ ಹಾಳೆ ಹರಡಿತ್ತು. ಜನ ಒಮ್ಮೆ ಚಿತ್ರ ನೋಡುವುದು, ಒಮ್ಮೆ ಗಲ್ಲಾದಲ್ಲಿ ಕೂತ ರಾಯರನ್ನು ನೋಡುವುದು. ಒಬ್ಬರು ಕೈತೊಳೆದು ಬಂದವರು, "ಎನ್ನ ಸಾರ್, ಓಟಲೈ ವಿತ್ತುಟ್ಟೀಂಗಳಾ?" ಎಂದು ಮರುಕದಿಂದ ಕೇಳಿದರು. ಹೋಟೆಲು ಮಾರಿಬಿಟ್ಟಿರಾ ಎಂದು! ಒಳಗೆ ಅಡಿಗೆಯವರು ಬಾಗಿಲಿಗೆ ಬಂದು ಸಾಲಾಗಿ ನಿಂತಿದ್ದರು.

"ಬನ್ನಿ, ಬನ್ನಿ" ಎಂದರು ರಾಯರು. "ಬೆಳಗ್ಗಿಂದ ಹನ್ನೆರಡು ಜನ ಕೇಳಿ ಆಯ್ತು, ಹೋಟ್ಲು ಮೈಲಾಪುರದವನಿಗೆ ಕೊಟ್ರಾ ಅಂತ. ಎಂತ ಮಾರಾಯ್ರೆ ಇದು?"

ನಾನು ಬಾಯಿ ತೆರೆದೆ. ಹೊರಗೆ ಬಂದದ್ದು ಎರಡೇ ಮಾತು.

"ನಾನೇ ಮಾಡಿದ್ದು."

"ಎಂತ ಮಾಡಿದ್ದು?"

"ಬ್ಲಾಕ್ ಬದಲಾಯಿಸಿದ್ದು. ಸರಿಯಾಗಿದೆಯಾ ಅಂತ ನೋಡೋಕೆ ಬಿಚ್ಚಿದೆ. ಕಟ್ಟುವಾಗ ಅವರದನ್ನು ಕಟ್ಟಿದೆ."

"ಸರಿ ಉಂಟಾ ಅಂತ ನೋಡ್ಲಿಕ್ಕೆ ಹೋಗಿ ತಪ್ಪು ಮಾಡಿದ್ದಾ?"

"ಹೌದು. ಮೂರು ಸಲ ನೋಡಿದೆ."

ರಾಯರು ನಮ್ಮ ಯಜಮಾನರ ಕಡೆ ತಿರುಗಿದರು. ಇವರು, "ನಾಳೆ ತಿದ್ದುಪಡಿ ಬರ್ತೈತೆ, ನಿಮ್ಮ ಪಟದ ಸಮೇತ. ಇವತ್ತಿನದಕ್ಕೆ ಏನೂ ಮಾಡೋಕೆ ಆಗಲ್ಲ" ಎಂದಷ್ಟೇ ಹೇಳಿದರು. ಕ್ಷಮೆ ಎಂಬ ಮಾತು ಕೂಡ ಬರಲಿಲ್ಲ. ರಾಯರು ನಾಲ್ಕು ಜನಕ್ಕೆ ಚಿಲ್ಲರೆ ಕೊಟ್ಟು ಕಳಿಸಿದರು. ಆಮೇಲೆ ತಲೆ ಎತ್ತದೆ ಕೇಳಿದರು.

"ಅವನಿಗೆ ಹೇಳಿದ್ರಾ?"

"ಮೊದಲು ನಿಮಗೇ ಬಂದ್ವಿ."

"ಹೋಗಿ ಹೇಳಿ. ಅವ ಎಂತ ಹೇಳ್ತಾನೆ, ಒಂದಕ್ಷರ ಬಿಡದೆ ನನಗೆ ಬಂದು ಒಪ್ಪಿಸ್ಬೇಕು. ನಿಮ್ಮನ್ನು ಇಟ್ಕೊಳ್ಳುದಾ ಬಿಡುದಾ, ಅದು ಆಮೇಲೆ."

ಬಸ್ಸು ಹಿಡಿದು ಮೈಲಾಪುರಕ್ಕೆ ಹೋದೆವು. ಭಟ್ಟರ ಹೋಟೆಲು ಕಾಣುವ ತಿರುವಿನಲ್ಲಿ ಯಜಮಾನರು ನಿಂತು ಕೊಡೆ ಬಿಚ್ಚಿದರು. "ಇಲ್ಲಿಗೆ ನೀನೊಬ್ಬನೇ ಹೋಗು."

"ಸಾರ್, ಅವರು ನಿಮಗೆ ಹಳಬರು..."

"ಅದಕ್ಕೇ. ನನ್ನ ನೋಡಿದ್ರೆ ಹಳೇ ಜಗಳ ಎದ್ದು ಕೂಡ್ತೈತೆ. ನಿನ್ನ ಮ್ಯಾಲೆ ಅವರಿಗೆ ಇನ್ನೂ ಯಾವ ಜಗಳಾನೂ ಇಲ್ಲ."

ಭಟ್ಟರೂ ಗಲ್ಲಾದಲ್ಲೇ ಇದ್ದರು. ಪತ್ರಿಕೆ ಮುಂದೆ ಮಡಚಿಟ್ಟಿತ್ತು. ಇಲ್ಲಿ ಜನ ಕಡಿಮೆ, ಸದ್ದು ಕಡಿಮೆ. ನನ್ನ ಉಸಿರೂ ಹಿಡಿತಕ್ಕೆ ಬಂದಿತ್ತು. ಕಂಪೋಸಿಟರ ವಾಕ್ಯ ಮೊದಲಿನಿಂದ ಕೊನೆಯವರೆಗೆ ಸ್ಪಷ್ಟವಾಗಿ ನೆನಪಿತ್ತು. ಕೇಳಿಸಿಕೊಳ್ಳಲು ಯಜಮಾನರೂ ಪಕ್ಕದಲ್ಲಿರಲಿಲ್ಲ. ನಮಸ್ಕಾರ ಮಾಡಿ ನಾನು ಯಾರೆಂದು ಹೇಳಿದೆ. "ನಿಮ್ಮ ಮುಖ ಬರಬಾರದ ಜಾಗದಲ್ಲಿ ಬಂದಿದೆ. ಕಳಿಸಿದವನು ನಾನು. ಪತ್ರಿಕೆಯವರ ತಪ್ಪಿಲ್ಲ, ರಾಯರದೂ ಇಲ್ಲ."

ಭಟ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕೂತ್ಕೊಳ್ಳಿ. ಹೇಳ್ಲಿಕ್ಕೆ ಯಾರಾದ್ರೂ ಬರ್ತಾರಾ ಇಲ್ವಾ ಅಂತ ಬೆಳಗ್ಗಿಂದ ನೋಡ್ತಾ ಇದ್ದೆ." ಪತ್ರಿಕೆಯ ಕಡೆ ನೋಡುತ್ತಾ, "ಅವ ಎಂತ ಹೇಳಿದ?" ಎಂದರು.

"ನೀವು ಏನು ಹೇಳ್ತೀರೋ ಅದನ್ನು ಬಂದು ಒಪ್ಪಿಸಬೇಕು ಅಂದ್ರು."

ಭಟ್ಟರ ಮೀಸೆ ಅಲುಗಿತು. "ಹಾಗಾದ್ರೆ ಇಷ್ಟು ಹೇಳಿ. ಪಟ ತೆಗೆಸುವ ದಿನ ನನ್ನ ಹತ್ರ ಒಳ್ಳೆ ಶಾಲು ಇರ್ಲಿಲ್ಲ. ಅವ ತೆಗೆಸಿ ಇಳಿದ, ಅವನ ಹೆಗಲಿನದ್ದೇ ನಾನು ಹೊದ್ದು ಕೂತದ್ದು. ಅದು ಇನ್ನೂ ನನ್ನಲ್ಲೇ ಉಂಟು. ಬೇಕಿದ್ರೆ ಬಂದು ತಕೊಂಡು ಹೋಗ್ಲಿಕ್ಕೆ ಹೇಳಿ. ಆಳನ್ನು ಕಳಿಸಿದ್ರೆ ಕೊಡುದಿಲ್ಲ."

ಯಜಮಾನರ ಜೊತೆ ವಾಪಸು ತಿರುವಲ್ಲಿಕೇಣಿಗೆ ಬಂದು ರಾಯರ ಮುಂದೆ ಅಕ್ಷರ ಬಿಡದೆ ಒಪ್ಪಿಸಿದೆ. 'ಆಳನ್ನು ಕಳಿಸಿದರೆ' ಎಂಬಲ್ಲಿ ಹೆದರಿ ಧ್ವನಿ ಇಳಿಸಿದ್ದಕ್ಕೆ ಇನ್ನೊಮ್ಮೆ ಹೇಳಿಸಿದರು. ಆಮೇಲೆ ಪತ್ರಿಕೆ ಎಳೆದುಕೊಂಡು, ಬೆಳಗಿನಿಂದ ಮೊದಲ ಸಲ, ಆ ಚಿತ್ರವನ್ನು ಸರಿಯಾಗಿ ನೋಡಿದರು. ಬೆರಳಿನಿಂದ ಶಾಲಿನ ಅಂಚನ್ನು ಮುಟ್ಟಿದರು.

"ಕಳ್ಳ" ಎಂದರು. "ಶಾಲು ಇವನ ಹತ್ರ ಇತ್ತಾ! ನಾನು ಎಷ್ಟು ಹುಡುಕಿದ್ದೆ."

ಅಡಿಗೆಯವರ ಕಡೆ ಕೈ ಬೀಸಿ, "ಎಂತ ನೋಡುದು ನೀವೆಲ್ಲ? ಹೋಟ್ಲು ಎಲ್ಲಿಗೂ ಹೋಗ್ಲಿಲ್ಲ. ಇಬ್ರಿಗೆ ಕಾಫಿ ಕೊಡಿ" ಎಂದರು. ಕಾಫಿ ಬರುವವರೆಗೆ ನನ್ನನ್ನೇ ನೋಡುತ್ತಿದ್ದು, "ನಾಳೆಗೆ ನನ್ನ ಪಟ ಕಳಿಸುವಾಗ ಒಂದೇ ಸಲ ನೋಡಿ ಕಟ್ಟಿ. ಎರಡನೇ ಸಲ ದಯವಿಟ್ಟು ನೋಡ್ಬೇಡಿ ಮಾರಾಯ್ರೆ" ಎಂದರು. ಯಜಮಾನರಿಗೆ, "ಇನ್ನು ನನ್ನ ಕೆಲಸಕ್ಕೆ ಇವರನ್ನೇ ಕಳಿಸಿ" ಎಂದರು.

ಶಾಲು ತರಲು ರಾಯರು ಹೋದರೋ ಇಲ್ಲವೋ ನಾನು ಕೇಳಲಿಲ್ಲ. ಬೀಗರ ಮನೆಯ ಮಾತು. ಎರಡು ತಿಂಗಳಾದ ಮೇಲೆ ಭಟ್ಟರ ಕೆಲಸವೂ ನಮ್ಮಲ್ಲಿಗೆ ಬಂತು, ಇಷ್ಟು ಗೊತ್ತು.

ಆ ಬೆಳಿಗ್ಗೆ ಕಾಫಿ ಕುಡಿದು ಹೊರಬಂದು ಕಚೇರಿಯ ಕಡೆ ನಡೆಯುವಾಗ ನಾನು ತಡೆಯಲಾರದೆ ಕೇಳಿದೆ. "ಸಾರ್, ರಾಯರು ನಮ್ಮನ್ನು ಬಿಟ್ಟಿದ್ದರೆ ನೀವು ನನ್ನನ್ನು ಬಿಡ್ತಿದ್ರಾ?"

"ಯಾಕ ಬಿಡ್ಲಿ? ಒಬ್ಬ ಗಿರಾಕಿ ಹೋದ್ರೆ ಇನ್ನೊಬ್ಬರನ್ನ ಹುಡುಕಬಹುದು." ಕೊಡೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದರು. "ನೀನು ಕಂಪೋಸಿಟರ್ ಹೆಸರು ಎತ್ತಿದ್ರೆ ಮಾತ್ರ ಅಲ್ಲೇ, ಆ ಗಲ್ಲಾದ ಮುಂದೇನೇ ಬಿಡ್ತಿದ್ದೆ. ಎತ್ತಲಿಲ್ಲ. ಧೈರ್ಯ ಐತೆ ನಿನಗೆ."

ಅಂದಿನಿಂದ ಹೋದ ತಿಂಗಳಿನವರೆಗೂ ಈ ವಿಷಯದಲ್ಲಿ ಸುಮ್ಮನೇ ಇದ್ದೆ. ರಾಯರ ಮುಂದೆ ನಾನು ನಿಜ ಹೇಳಿದ್ದು ಧೈರ್ಯದಿಂದಲ್ಲ. ಸುಳ್ಳು ನಾಲ್ಕು ಸಾಲಿನದಿತ್ತು, ಬಾಯಿ ಒಣಗಿಹೋಗಿತ್ತು, ಗಿಡ್ಡದ್ದು ಯಾವುದೋ ಅದು ಹೊರಗೆ ಬಿತ್ತು. ಮೈಲಾಪುರದಲ್ಲಿ ಮಾತ್ರ ನಿಜ, ಸುಳ್ಳು ಎರಡೂ ನಾಲಿಗೆಯ ಮೇಲಿದ್ದವು, ಆರಿಸಿ ಒಂದನ್ನು ಹೇಳಿದೆ. ಅದನ್ನು ಯಜಮಾನರು ಕೇಳಿಸಿಕೊಳ್ಳಲಿಲ್ಲ. ರಸ್ತೆಯ ತಿರುವಿನಲ್ಲಿ ಕೊಡೆಯ ಕೆಳಗೆ ನಿಂತಿದ್ದರು.